ವಿಶ್ವವಿದ್ಯಾಲಯದಲ್ಲಿ ಹಿರಿಯ ಎಚ್‌ಆರ್ ಸಲಹೆಗಾರರ ಕೆಲಸ: ಮೊದಲ ದಿನದಿಂದ ಕೊನೆಯ ಕಡತದವರೆಗೆ

ಸಂಜೆ ಐದಕ್ಕೆ ಹತ್ತು ನಿಮಿಷ. ವಿಭಾಗದ ಮುಖ್ಯಸ್ಥರೊಬ್ಬರು ನಿಮ್ಮ ಕೋಣೆಗೆ ಬರುತ್ತಾರೆ, ಬಾಗಿಲು ಮುಂದಕ್ಕೆ ಹಾಕುತ್ತಾರೆ, ಕುರ್ಚಿ ಎಳೆದುಕೊಂಡು ಕೂರುತ್ತಾರೆ. “ಒಂದು ಸಲಹೆ ಬೇಕಿತ್ತು ಮೇಡಂ” ಅನ್ನುತ್ತಾರೆ. ನಿಮ್ಮ ನಿಜವಾದ ಕೆಲಸ ಶುರುವಾಗುವುದು ಆಗ.

ಈ ಹುದ್ದೆಯಲ್ಲಿ ಸಹಿ ಹಾಕುವ ಅಧಿಕಾರ ಕಡಿಮೆ. ನೇಮಕ ಮಾಡುವವರು ಬೇರೆ, ತೆಗೆಯುವವರು ಬೇರೆ, ಹಣ ಬಿಡುಗಡೆ ಮಾಡುವವರು ಬೇರೆ. ಆದರೆ ಅವರೆಲ್ಲ ಸಹಿಗೆ ಮುಂಚೆ ಓದುವ ಹಾಳೆ ನೀವು ಬರೆದದ್ದು. ಬೆಂಗಳೂರಿನ ವಿಶ್ವವಿದ್ಯಾಲಯಗಳಲ್ಲಿ ಹಲವು ವರ್ಷ ಈ ಕೆಲಸ ಮಾಡಿ ನಾನು ಗಟ್ಟಿಯಾಗಿ ನಂಬಿರುವುದು ಇಷ್ಟು: ಸಲಹೆ ಸರಿಯಾಗಿದ್ದರೆ ಸಾಲದು, ತಾರೀಖು ಮೀರುವ ಮೊದಲು ಬರಬೇಕು, ಬರವಣಿಗೆಯಲ್ಲಿ ಇರಬೇಕು. ತಡವಾಗಿ ಬಂದ ಒಳ್ಳೆಯ ಸಲಹೆಯಿಂದ ಯಾರ ಕೆಲಸವೂ ಉಳಿದದ್ದು ನಾನು ಕಂಡಿಲ್ಲ.

ಈ ಹುದ್ದೆಗೆ ಸಾಮಾನ್ಯವಾಗಿ ಬರುವವರು ಎಂಬಿಎ ಅಥವಾ ಎಂಎಸ್‌ಡಬ್ಲ್ಯು ಓದಿ, ಕೆಲವು ವರ್ಷ ಎಚ್‌ಆರ್ ಮಾಡಿದವರು. ಕಾರ್ಮಿಕ ಕಾನೂನಿನ ಡಿಪ್ಲೊಮಾ ಇದ್ದರೆ ಅನುಕೂಲ. ಐಟಿ ಕಂಪನಿಯಿಂದ ಬರುವವರಿಗೆ ಮೊದಲ ಆರು ತಿಂಗಳು ಕಷ್ಟ, ಯಾಕೆಂದರೆ ಇಲ್ಲಿ ಮ್ಯಾನೇಜರ್ ಅನ್ನುವವರೇ ಇಲ್ಲ. ವಿಭಾಗದ ಮುಖ್ಯಸ್ಥರು ಸರದಿಯ ಮೇಲೆ ಆ ಕುರ್ಚಿಗೆ ಬಂದ ಪ್ರಾಧ್ಯಾಪಕರು. ಎರಡು ಮೂರು ವರ್ಷ ಆದಮೇಲೆ ಅವರು ಮತ್ತೆ ಸಹೋದ್ಯೋಗಿಗಳ ಪಕ್ಕದಲ್ಲೇ ಕೂರಬೇಕು. ಕಠಿಣವಾದ ಮಾತು ಹೇಳಲು ಅವರು ಹಿಂಜರಿಯುವುದು ಅದಕ್ಕೇ. ಇದನ್ನು ಅರ್ಥಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಹಂತ 1: ಈ ಮನೆ ಯಾವ ಕಾಯ್ದೆಯ ಮೇಲೆ ನಿಂತಿದೆ ನೋಡಿ

ಕೆಲಸಕ್ಕೆ ಸೇರಿದ ವಾರವೇ ನಿಮ್ಮ ವಿಶ್ವವಿದ್ಯಾಲಯದ ಕಾಯ್ದೆ ಮತ್ತು ಪರಿನಿಯಮಗಳನ್ನು ಮುದ್ರಿಸಿಕೊಂಡು ಪೆನ್ಸಿಲ್ ಹಿಡಿದು ಓದಿ. ಮೈಸೂರು, ಬೆಂಗಳೂರು, ಕರ್ನಾಟಕ ವಿಶ್ವವಿದ್ಯಾಲಯದಂಥವು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಕೆಳಗೆ ಬರುತ್ತವೆ. ಅಲ್ಲಿ ಸಿಂಡಿಕೇಟ್ (ಆಡಳಿತ ಮಂಡಳಿ) ಇದೆ, ಕುಲಸಚಿವರು (ರಿಜಿಸ್ಟ್ರಾರ್) ಇದ್ದಾರೆ. ಎಚ್‌ಆರ್ ಅನ್ನುವ ಬೋರ್ಡ್ ಇಲ್ಲದಿದ್ದರೂ ಸಿಬ್ಬಂದಿ ಶಾಖೆ ಇದೇ ಕೆಲಸ ಮಾಡುತ್ತದೆ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ 2009ರ ಕೇಂದ್ರ ಕಾಯ್ದೆ. ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯಗಳು 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 3ನೇ ಸೆಕ್ಷನ್ ಅಡಿ ವಿಶ್ವವಿದ್ಯಾಲಯಕ್ಕೆ ಸಮ ಅನ್ನುವ ಸ್ಥಾನ ಪಡೆದವು. ಖಾಸಗಿ ವಿಶ್ವವಿದ್ಯಾಲಯಗಳಿಗೆ ನಮ್ಮ ವಿಧಾನಮಂಡಲ ಒಂದೊಂದಕ್ಕೂ ಬೇರೆ ಕಾಯ್ದೆ ಮಾಡಿದೆ. ಉದಾಹರಣೆಗೆ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಕ್ಕೆ 2010ರ ಕಾಯ್ದೆ.

ಓದುವಾಗ ಮೂರು ಪ್ರಶ್ನೆ ಇಟ್ಟುಕೊಳ್ಳಿ. ನೇಮಕ ಮಾಡುವ ಅಧಿಕಾರ ಯಾರದ್ದು? ಶಿಕ್ಷೆ ಕೊಡುವ ಅಧಿಕಾರ ಯಾರದ್ದು? ಅದರ ಮೇಲೆ ಮೇಲ್ಮನವಿ ಕೇಳುವವರು ಯಾರು? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಿ. ಕುಲಪತಿಗಳು ಕೊಡಬೇಕಾದ ಆದೇಶವನ್ನು ಡೀನ್ ಕೊಟ್ಟರೆ, ಒಳಗಿನ ವಿಷಯ ಎಷ್ಟೇ ಸರಿ ಇದ್ದರೂ ಅದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ರಾಜ್ಯ ಮತ್ತು ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿದ್ದರೆ ಇನ್ನೊಂದು ಮಾತು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ನಿಮ್ಮ ಟಿಪ್ಪಣಿ ಹಾಳೆಯನ್ನೂ ಜನ ಕೇಳಬಹುದು. ನಾಳೆ ಯಾರೋ ಓದುತ್ತಾರೆ ಅಂದುಕೊಂಡೇ ಬರೆಯಿರಿ. ಕಲ್ಯಾಣ ಕರ್ನಾಟಕದಲ್ಲಿದ್ದರೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಆದೇಶಗಳು ಕೈಯಳತೆಯಲ್ಲಿ ಇರಲಿ.

ಹಂತ 2: ಯಾರಿಗೆ ಯಾವ ನಿಯಮ, ಬೇರೆ ಬೇರೆ ಮಾಡಿಕೊಳ್ಳಿ

ಒಂದೇ ಕ್ಯಾಂಪಸ್‌ನಲ್ಲಿ ನಾಲ್ಕು ಥರದ ಜನ ಇರುತ್ತಾರೆ. ಬೋಧಕರು, ಬೋಧಕೇತರರು, ಗುತ್ತಿಗೆ ಮತ್ತು ಅತಿಥಿ ಉಪನ್ಯಾಸಕರು, ಹೊರಗುತ್ತಿಗೆಯ ಹೌಸ್‌ಕೀಪಿಂಗ್ ಹಾಗೂ ಸೆಕ್ಯುರಿಟಿ ಸಿಬ್ಬಂದಿ. ಎಲ್ಲರಿಗೂ ಒಂದೇ ಕೈಪಿಡಿ ಹಂಚಿದರೆ ತಪ್ಪು ಅಲ್ಲಿಂದಲೇ ಶುರು.

ಇದಕ್ಕೆ ಎರಡು ತೀರ್ಪು ತಿಳಿದಿರಬೇಕು. ಮೊದಲನೆಯದು ನಮ್ಮ ಊರಿನದೇ. ಬೆಂಗಳೂರು ಜಲಮಂಡಳಿ ಮತ್ತು ಎ. ರಾಜಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ 1978ರಲ್ಲಿ, ಶಿಕ್ಷಣ ಸಂಸ್ಥೆಯೂ ಕಾರ್ಮಿಕ ಕಾನೂನಿನ ಅರ್ಥದಲ್ಲಿ ‘ಕೈಗಾರಿಕೆ’ ಆಗಬಹುದು ಎಂದಿತು. ಎರಡನೆಯದು 1988ರ ಸುಂದರಾಂಬಾಳ್ ಪ್ರಕರಣ, ಗೋವಾದ ಒಬ್ಬ ಶಿಕ್ಷಕಿಯದ್ದು. ಸಂಸ್ಥೆ ಕೈಗಾರಿಕೆ ಆದರೂ ಶಿಕ್ಷಕರು ‘ಕಾರ್ಮಿಕರು’ ಅಲ್ಲ ಎಂದು ಅಲ್ಲಿ ತೀರ್ಮಾನವಾಯಿತು. ಎರಡನ್ನೂ ಕೂಡಿಸಿ ನೋಡಿ. ಲ್ಯಾಬ್ ಅಟೆಂಡರ್ ತನ್ನ ದೂರನ್ನು ಕಾರ್ಮಿಕ ನ್ಯಾಯಾಲಯಕ್ಕೆ ಒಯ್ಯಬಹುದಿತ್ತು. ಅದೇ ಲ್ಯಾಬಿನಲ್ಲಿ ಪಾಠ ಮಾಡುವವರಿಗೆ ಆ ದಾರಿ ಇರಲಿಲ್ಲ. ಅವರು ಹೈಕೋರ್ಟ್, ಸಿವಿಲ್ ಕೋರ್ಟ್, ಇಲ್ಲವೇ ಖಾಸಗಿ ಕಾಲೇಜಿನವರಾದರೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕಿತ್ತು.

2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳನ್ನು ಒಟ್ಟುಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ‘ಕೈಗಾರಿಕೆ’ ಅನ್ನುವ ಪದಕ್ಕೆ ಹೊಸ ಅರ್ಥ ಬರೆದಿದ್ದಾರೆ. ಧರ್ಮಾರ್ಥ, ಸಮಾಜಸೇವೆಯಲ್ಲಿ ತೊಡಗಿದ ಸಂಸ್ಥೆಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ನಿಮ್ಮ ಟ್ರಸ್ಟ್ ಅದರೊಳಗೆ ಬರುತ್ತದೋ ಇಲ್ಲವೋ ಎಂದು ನಿಮ್ಮ ವಕೀಲರಿಂದ ಬರವಣಿಗೆಯಲ್ಲೇ ಅಭಿಪ್ರಾಯ ತೆಗೆದುಕೊಳ್ಳಿ. ಫೋನಿನಲ್ಲಿ ಕೇಳಿದ್ದು ಕಡತಕ್ಕೆ ಸೇರುವುದಿಲ್ಲ.

ಹಂತ 3: ಮೊದಲ ಮೂರು ತಿಂಗಳು ಕಡತ ತೆಗೆದು ನೋಡಿ

ಸಾಫ್ಟ್‌ವೇರ್ ಎಷ್ಟೇ ಹೊಸದಿದ್ದರೂ ಬೀರು ತೆಗೆಯಿರಿ. ವಾರಕ್ಕೆ ಇಪ್ಪತ್ತು ಕಡತ ಸಾಕು. ಪ್ರತಿ ಕಡತದಲ್ಲೂ ನೇಮಕಾತಿ ಆದೇಶ, ಕೆಲಸಕ್ಕೆ ಹಾಜರಾದ ವರದಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ನಕಲು, ಪದವಿ ಪರಿಶೀಲನೆಯ ಪತ್ರ, ಪಿಎಫ್ ನಾಮಿನಿ, ಪ್ರೊಬೇಷನ್ (ಖಾಯಂ ಆಗುವ ಮುಂಚಿನ ಪರೀಕ್ಷಾ ಅವಧಿ) ಮುಗಿದ ಆದೇಶ ಇದೆಯಾ ನೋಡಿ. ಕೊನೆಯದ್ದು ಜಾಸ್ತಿ ಕಡತಗಳಲ್ಲಿ ಇರುವುದೇ ಇಲ್ಲ. ಹುಟ್ಟಿದ ದಿನಾಂಕ ಎಸ್‌ಎಸ್‌ಎಲ್‌ಸಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಇವತ್ತೇ ಅವರನ್ನು ಕರೆದು ತಿಳಿಸಿ. ಪಿಎಫ್ ಹಣ ತೆಗೆಯುವಾಗ ಆ ಒಂದು ವ್ಯತ್ಯಾಸ ತಿಂಗಳುಗಟ್ಟಲೆ ಓಡಾಡಿಸುತ್ತದೆ.

ಅಸಲು ಅಂಕಪಟ್ಟಿ ಕಡತದಲ್ಲಿ ಇದ್ದರೆ ಸಹಿ ಪಡೆದು ವಾಪಸ್ ಕೊಡಿ. ಅಸಲನ್ನು ನೋಡಿ, ನಕಲು ಇಟ್ಟುಕೊಂಡು, ಹಿಂದಿರುಗಿಸುವುದು ಸರಿಯಾದ ಪದ್ಧತಿ. ಅಸಲು ಇಟ್ಟುಕೊಂಡರೆ ಜನ ಬಿಟ್ಟುಹೋಗುವುದಿಲ್ಲ ಅನ್ನುವ ಲೆಕ್ಕಾಚಾರವನ್ನು ನಾನು ಒಂದು ಕಡೆ ಕಣ್ಣಾರೆ ಕಂಡಿದ್ದೇನೆ. ಅದು ತಪ್ಪು ಎಂದು ಮೊದಲ ದಿನವೇ ಬರೆದು ಕೊಟ್ಟೆ. ಇವತ್ತಿಗೂ ಅದನ್ನೇ ಹೇಳುತ್ತೇನೆ.

ಸಂಬಳದ ಚೀಟಿ, ವೈದ್ಯಕೀಯ ಪತ್ರ, ದೂರಿನ ಪ್ರತಿ, ಯಾವುದನ್ನೂ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ, ಹಾಕಲು ಬಿಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಬರುವುದಕ್ಕೂ ಮುಂಚೆಯೇ ಇದು ಸಾಮಾನ್ಯ ಮರ್ಯಾದೆ, ಅಲ್ವಾ?

ಹಂತ 4: ನೇಮಕಾತಿಯಲ್ಲಿ ನಿಮ್ಮ ಜಾಗ

ಅಧ್ಯಾಪಕರ ನೇಮಕಕ್ಕೆ ಆಧಾರ 2018ರ ಜುಲೈ 18ರ ಯುಜಿಸಿ ನಿಯಮಾವಳಿ, ಮತ್ತು ಅದಕ್ಕೆ ಆಮೇಲೆ ಬಂದ ತಿದ್ದುಪಡಿಗಳು. ಸಹಾಯಕ ಪ್ರಾಧ್ಯಾಪಕರಿಗೆ ಸ್ನಾತಕೋತ್ತರ ಪದವಿಯಲ್ಲಿ 55% ಅಂಕ ಬೇಕು. ಜೊತೆಗೆ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಅಥವಾ ಕೆಸೆಟ್‌ನಂಥ ರಾಜ್ಯ ಪರೀಕ್ಷೆ. 2023ರ ಜುಲೈ 1ರಿಂದ ಪಿಎಚ್‌ಡಿ ಈ ಹುದ್ದೆಗೆ ಕಡ್ಡಾಯವಲ್ಲ. ಸಹ ಪ್ರಾಧ್ಯಾಪಕರಿಗೆ ಪಿಎಚ್‌ಡಿ, 8 ವರ್ಷದ ಅನುಭವ, 7 ಪ್ರಕಟಣೆ, 75 ಸಂಶೋಧನಾ ಅಂಕ. ಪ್ರಾಧ್ಯಾಪಕರಿಗೆ 10 ವರ್ಷ, 10 ಪ್ರಕಟಣೆ, 120 ಅಂಕ. ಶುರುವಿನ ಮೂಲವೇತನ ಕ್ರಮವಾಗಿ 57,700, 1,31,400 ಮತ್ತು 1,44,200 ರೂಪಾಯಿ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಸಂಬಳ ಎಲ್ಲ ಕಡೆ ಒಂದೇ ಇಲ್ಲ. ಹಾಗಾಗಿ ನಿಮ್ಮಲ್ಲಿ ಕೊಡುವುದು ಎಷ್ಟು ಎಂದು ಜಾಹೀರಾತಿನಲ್ಲೇ ಹೇಳಿಬಿಡಿ ಎಂದು ಸಲಹೆ ಕೊಡಿ. ಆಯ್ಕೆ ಆದಮೇಲೆ ಚೌಕಾಸಿ ಮಾಡಿದರೆ ಒಳ್ಳೆಯ ಅಭ್ಯರ್ಥಿ ಬೇರೆ ಕಡೆ ಹೋಗಿರುತ್ತಾರೆ.

ಅರ್ಜಿ ಪರಿಶೀಲಿಸುವಾಗ ಎಡವುವುದು ಅನುಭವದ ಲೆಕ್ಕದಲ್ಲಿ. ಪಿಎಚ್‌ಡಿ ಮಾಡಿದ ಸಮಯವನ್ನು ಬೋಧನಾ ಅನುಭವ ಎಂದು ಸೇರಿಸುವ ಹಾಗಿಲ್ಲ. ಆದರೆ ರಜೆ ಹಾಕದೆ, ಪಾಠ ಮಾಡುತ್ತಲೇ ಪಿಎಚ್‌ಡಿ ಮಾಡಿದ್ದರೆ ಆ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಅನುಭವ ಪತ್ರದ ಜೊತೆ ರಜೆಯ ವಿವರವನ್ನೂ ಕೇಳಿ. ಎಷ್ಟೋ ಅರ್ಹರನ್ನು ಈ ಒಂದು ಪತ್ರ ಇಲ್ಲ ಎಂದು ಸುಮ್ನೆ ಪಕ್ಕಕ್ಕೆ ಇಟ್ಟಿರುತ್ತಾರೆ.

ಆಯ್ಕೆ ಸಮಿತಿಯ ದಿನ ಬೆಳಗ್ಗೆಯೇ ಕೋರಂ ನೋಡಿಕೊಳ್ಳಿ. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕರ ಆಯ್ಕೆಗೆ ಕನಿಷ್ಠ ನಾಲ್ವರು ಇರಬೇಕು, ಅದರಲ್ಲಿ ಇಬ್ಬರು ಹೊರಗಿನ ವಿಷಯ ತಜ್ಞರು. ಒಬ್ಬ ತಜ್ಞರ ರೈಲು ತಡವಾಗಿದೆ ಎಂದು ಅವರಿಲ್ಲದೆ ಶುರು ಮಾಡಿ, ಮಧ್ಯಾಹ್ನ ಅವರು ಬಂದಮೇಲೆ ಎಲ್ಲ ಹಾಳೆಗೂ ಸಹಿ ಹಾಕಿಸುವುದು ಕೆಲವು ಕಡೆ ರೂಢಿ. ಅದಕ್ಕೆ ಒಪ್ಪಬೇಡಿ. ಸಂದರ್ಶನವನ್ನು ಎರಡು ಗಂಟೆ ಮುಂದೂಡಿ, ಕಾಯುತ್ತಿರುವ ಅಭ್ಯರ್ಥಿಗಳಿಗೆ ಹೊರಗೆ ಹೋಗಿ ನೀವೇ ಕಾರಣ ಹೇಳಿ, ಕಾಫಿ ಕಳಿಸಿ. ಬೀದರ್‌ನಿಂದ ರಾತ್ರಿ ಬಸ್ಸಿನಲ್ಲಿ ಬಂದವರು ಆ ಸಾಲಿನಲ್ಲಿ ಕೂತಿರುತ್ತಾರೆ.

ಸಮಿತಿಯ ಕೋಣೆಯಲ್ಲಿ ನಿಮಗೆ ಮತ ಇಲ್ಲ. ಆದರೆ ಅಭ್ಯರ್ಥಿಯನ್ನು “ಮದುವೆ ಯಾವಾಗ?”, “ಮಗು ಚಿಕ್ಕದಾ? ಯಾರು ನೋಡಿಕೊಳ್ಳುತ್ತಾರೆ?” ಎಂದು ಯಾರಾದರೂ ಕೇಳಿದರೆ ತಡೆಯುವ ಕೆಲಸ ನಿಮ್ಮದು. “ಸರ್, ಆ ಪ್ರಶ್ನೆ ಬಿಟ್ಟು ಮುಂದಿನದಕ್ಕೆ ಹೋಗೋಣ” ಎಂದು ಮೆಲ್ಲಗೆ ಹೇಳಿದರೆ ಸಾಕು. ಸಂದರ್ಶನ ಶುರುವಾಗುವ ಮುಂಚೆಯೇ ಒಂದು ಪುಟದ ಸೂಚನೆ ಕೊಟ್ಟಿದ್ದರೆ ಇನ್ನೂ ಒಳ್ಳೆಯದು.

ಹಂತ 5: ಪ್ರೊಬೇಷನ್ ಮತ್ತು ಆ ಸಂಜೆ ಐದರ ಮಾತು

ಯುಜಿಸಿ ನಿಯಮದಲ್ಲಿ ಅಧ್ಯಾಪಕರ ಪ್ರೊಬೇಷನ್ ಒಂದು ವರ್ಷ. ಇನ್ನೊಂದು ವರ್ಷದವರೆಗೆ ಮಾತ್ರ ವಿಸ್ತರಿಸಬಹುದು, ಅದಕ್ಕೂ ಮೊದಲ ವರ್ಷ ಮುಗಿಯುವ ಮುಂಚೆ ಆದೇಶ ಕೊಡಬೇಕು. ತೃಪ್ತಿಕರವಾಗಿ ಮುಗಿದರೆ 45 ದಿನದೊಳಗೆ ಖಾಯಂ ಆದೇಶ ಹೊರಡಿಸಬೇಕು. ಈ ತಾರೀಖುಗಳನ್ನು ಪ್ರತಿಯೊಬ್ಬರ ಹೆಸರಿನ ಮುಂದೆ ಬರೆದಿಟ್ಟುಕೊಳ್ಳಿ. ಮುಗಿಯುವ ಮೂರು ತಿಂಗಳು ಮುಂಚೆ ವಿಭಾಗಕ್ಕೆ ಒಂದು ಪತ್ರ ಹೋಗಲಿ.

ಈಗ ಮೊದಲು ಹೇಳಿದ ಸಂಜೆಗೆ ಬರೋಣ. ಒಂದು ಸಂಸ್ಥೆಯಲ್ಲಿ, ಪ್ರೊಬೇಷನ್ನಿನಲ್ಲಿದ್ದ ಸಹಾಯಕ ಪ್ರಾಧ್ಯಾಪಕರೊಬ್ಬರ ವಿಷಯದಲ್ಲಿ ಆದದ್ದು.

“ಅವರನ್ನ ಮುಂದುವರಿಸೋದು ಬೇಡ ಮೇಡಂ.”

“ಯಾಕೆ ಸರ್?”

“ಪಾಠ ಸರಿಯಿಲ್ಲ. ಸ್ಟೂಡೆಂಟ್ಸ್ ಬಂದು ಹೇಳ್ತಾರೆ.”

“ಬರೆದು ಕೊಟ್ಟಿದ್ದಾರಾ?”

“ಇಲ್ಲ, ಬಾಯಲ್ಲಿ ಹೇಳ್ತಾರೆ.”

“ನೀವು ಅವರಿಗೆ ಯಾವಾಗ ಹೇಳಿದಿರಿ?”

ಅವರು ಕಿಟಕಿ ಕಡೆ ನೋಡಿದರು. ಹೇಳಿರಲಿಲ್ಲ. ಪ್ರೊಬೇಷನ್ ಮುಗಿಯಲು 19 ದಿನ ಇತ್ತು.

ಇಂಥ ಹೊತ್ತಿನಲ್ಲಿ ಮುಖ್ಯಸ್ಥರ ಮೇಲೆ ತಪ್ಪು ಹೊರಿಸಿ ಪ್ರಯೋಜನ ಇಲ್ಲ. “ಸರಿ ಸರ್, ಎರಡು ದಿನ ಕೊಡಿ. ಸಂಗತಿ ಏನು ಅಂತ ನೋಡ್ತೀನಿ” ಅಂದೆ. ವೇಳಾಪಟ್ಟಿ ತರಿಸಿದೆ. ಆ ಅಧ್ಯಾಪಕರಿಗೆ ವಾರಕ್ಕೆ 22 ಗಂಟೆ ಪಾಠ ಇತ್ತು. ಯುಜಿಸಿ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ 16 ಗಂಟೆ, ಸಹ ಪ್ರಾಧ್ಯಾಪಕ ಮತ್ತು ಪ್ರಾಧ್ಯಾಪಕರಿಗೆ 14. ಮಧ್ಯದಲ್ಲಿ ಒಬ್ಬರು ಕೆಲಸ ಬಿಟ್ಟಿದ್ದರು. ಅವರ ಪೇಪರನ್ನೂ ಈ ಹೊಸಬರ ಮೇಲೆ ಹಾಕಿದ್ದರು. ಅದು ಅವರು ಓದಿದ ವಿಷಯವೂ ಅಲ್ಲ. ಅವರನ್ನು ಕರೆದು ಕೇಳಿದಾಗ, “ರಾತ್ರಿ ಒಂದು ಗಂಟೆವರೆಗೆ ನೋಟ್ಸ್ ಮಾಡ್ಕೊಂಡು ಬೆಳಗ್ಗೆ ಬರ್ತೀನಿ ಮೇಡಂ. ಹೇಳಿದ್ರೆ ಏನಂತಾರೋ ಅಂತ ಸುಮ್ಮನಿದ್ದೆ” ಅಂದರು.

ಅವತ್ತು ಬರೆದ ಟಿಪ್ಪಣಿಯ ರೂಪ ಹೀಗಿತ್ತು. ನೀವೂ ಇದೇ ಅಚ್ಚು ಬಳಸಬಹುದು.

ವಿಷಯ: ಸಹಾಯಕ ಪ್ರಾಧ್ಯಾಪಕರ ಪ್ರೊಬೇಷನ್ ಅವಧಿ ಕುರಿತು.
ಸಂಗತಿ: ಅವಧಿ ಇನ್ನು 19 ದಿನಕ್ಕೆ ಮುಗಿಯುತ್ತದೆ. ಬೋಧನೆ ತೃಪ್ತಿಕರವಲ್ಲ ಎಂದು ವಿಭಾಗದ ಮುಖ್ಯಸ್ಥರು ಮೌಖಿಕವಾಗಿ ತಿಳಿಸಿದ್ದಾರೆ. ಈ ಬಗ್ಗೆ ಲಿಖಿತ ದೂರು ಅಥವಾ ಸೂಚನೆ ಕಡತದಲ್ಲಿ ಇಲ್ಲ. ವಾರದ ಬೋಧನಾ ಭಾರ 22 ಗಂಟೆ.
ನಿಯಮ: ಬೋಧನಾ ಭಾರ 16 ಗಂಟೆ. ಪ್ರೊಬೇಷನ್ ವಿಸ್ತರಣೆಗೆ ಅವಧಿ ಮುಗಿಯುವ ಮುನ್ನ ಆದೇಶ ಅಗತ್ಯ.
ಆಯ್ಕೆಗಳು: ಒಂದು, ಖಾಯಂ ಮಾಡುವುದು. ಎರಡು, ಆರು ತಿಂಗಳು ವಿಸ್ತರಿಸಿ, ಭಾರ ಇಳಿಸಿ, ಹಿರಿಯರೊಬ್ಬರ ಮಾರ್ಗದರ್ಶನ ಕೊಡುವುದು. ಮೂರು, ಸೇವೆ ಕೊನೆಗೊಳಿಸುವುದು.
ಸಲಹೆ: ಎರಡನೆಯದು ಸೂಕ್ತ. ಸೂಚನೆ ಕೊಡದೆ, ಹೆಚ್ಚುವರಿ ಭಾರ ಹಾಕಿ, ಸೇವೆ ಕೊನೆಗೊಳಿಸಿದರೆ ಅದು ನ್ಯಾಯವೂ ಅಲ್ಲ, ಮೇಲ್ಮನವಿಯಲ್ಲಿ ನಿಲ್ಲುವುದೂ ಇಲ್ಲ.
ಪರಿಶೀಲಿಸಿ ಸೂಕ್ತ ಆದೇಶಕ್ಕಾಗಿ ಸಲ್ಲಿಸಿದೆ.

ಮೂರು ಆಯ್ಕೆಯನ್ನೂ ಬರೆದದ್ದು ಗಮನಿಸಿ. ನಿರ್ಧಾರ ಮಾಡುವವರಿಗೆ ಎಲ್ಲ ದಾರಿ ಕಾಣಬೇಕು, ನಿಮ್ಮ ಮನಸ್ಸಿನಲ್ಲಿ ಇರುವುದೂ ಕಾಣಬೇಕು. “ಪರಿಶೀಲಿಸಬಹುದು” ಎಂದಷ್ಟೇ ಬರೆದು ಜಾರಿಕೊಂಡರೆ ಸಲಹೆಗಾರರು ಯಾಕೆ ಬೇಕು? ಕುಲಪತಿಗಳು ಎರಡನೆಯದಕ್ಕೆ ಸಹಿ ಹಾಕಿದರು. ಆರು ತಿಂಗಳಾದಮೇಲೆ ಖಾಯಂ ಆದೇಶದ ಶಿಫಾರಸು ಬರೆದವರು ಅದೇ ಮುಖ್ಯಸ್ಥರು.

ಹಂತ 6: ಗುತ್ತಿಗೆ, ಅತಿಥಿ ಉಪನ್ಯಾಸಕರು, ಹೆರಿಗೆ ರಜೆ

ನನಗೆ ಅತಿ ಹೆಚ್ಚು ನೋವು ಕೊಟ್ಟ ಕಡತಗಳು ಇವೇ. ಹತ್ತು ತಿಂಗಳ ಗುತ್ತಿಗೆ, ಬೇಸಿಗೆಯಲ್ಲಿ ಎರಡು ತಿಂಗಳು ಸಂಬಳ ಇಲ್ಲ, ಜುಲೈನಲ್ಲಿ ಮತ್ತೆ ಹೊಸ ಆದೇಶ. ಯುಜಿಸಿ 2019ರಲ್ಲಿ ಅತಿಥಿ ಉಪನ್ಯಾಸಕರಿಗೆ ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಎಂದು ಹೇಳಿದೆ. ನಿಮ್ಮಲ್ಲಿ ಎಷ್ಟು ಕೊಡುತ್ತಾರೆ ನೋಡಿ, ಕಡಿಮೆ ಇದ್ದರೆ ಬಜೆಟ್ ಹೊತ್ತಿಗೆ ಅಂಕಿಅಂಶದ ಸಮೇತ ಟಿಪ್ಪಣಿ ಇಡಿ. ನೀವು ಬರೆಯದಿದ್ದರೆ ಅವರ ಪರವಾಗಿ ಬರೆಯಲು ಆ ಕಟ್ಟಡದಲ್ಲಿ ಬೇರೆ ಯಾರೂ ಇಲ್ಲ.

ಹೆರಿಗೆ ರಜೆಯ ನಿಯಮ ಸರಳ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ 26 ವಾರ ಸಂಬಳ ಸಹಿತ ರಜೆ. ಎರಡು ಮಕ್ಕಳು ಇದ್ದವರಿಗೆ ಮುಂದಿನ ಹೆರಿಗೆಗೆ 12 ವಾರ. 50 ಅಥವಾ ಹೆಚ್ಚು ನೌಕರರು ಇದ್ದರೆ ಶಿಶುಪಾಲನಾ ಕೇಂದ್ರ ಕಡ್ಡಾಯ. ಗುತ್ತಿಗೆಯವರಿಗೆ ಇದೆಲ್ಲ ಇಲ್ಲ ಎಂದು ಈಗಲೂ ನಂಬಿರುವವರಿದ್ದಾರೆ. 2023ರ ಆಗಸ್ಟ್‌ನಲ್ಲಿ ಕವಿತಾ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಗುತ್ತಿಗೆಯ ಅವಧಿ ರಜೆಯ ಮಧ್ಯೆ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಬೇಕು. ಗರ್ಭಿಣಿ ಉಪನ್ಯಾಸಕಿಯೊಬ್ಬರು ವಿಷಯ ತಿಳಿಸಿದ ದಿನವೇ ರಜೆಯ ಶುರು, ಕೊನೆ, ಹಣ ಬರುವ ದಿನ ಎಲ್ಲವನ್ನೂ ಬರೆದು ಒಂದು ಪತ್ರ ಅವರ ಕೈಗೆ ಕೊಡಿ. ಏಳನೇ ತಿಂಗಳಲ್ಲಿ ಅವರು ಮೂರು ಮಹಡಿ ಹತ್ತಿಳಿದು “ನನ್ನ ಫೈಲ್ ಎಲ್ಲಿದೆ?” ಎಂದು ಕೇಳುವ ಹಾಗಾಗಬಾರದು.

ಹಂತ 7: ದೂರು ಬಂದಾಗ

ಎರಡು ದಾರಿ ಇವೆ, ಬೆರೆಸಬೇಡಿ. ಲೈಂಗಿಕ ಕಿರುಕುಳದ ದೂರು ನೇರವಾಗಿ ಆಂತರಿಕ ದೂರು ಸಮಿತಿಗೆ ಹೋಗಬೇಕು. 2013ರ ಕಾಯ್ದೆಯ ಜೊತೆ ವಿಶ್ವವಿದ್ಯಾಲಯಗಳಿಗೆ 2015ರ ಯುಜಿಸಿ ನಿಯಮಾವಳಿಯೂ ಇದೆ. ಅಧ್ಯಕ್ಷರು ಹಿರಿಯ ಮಹಿಳಾ ಅಧ್ಯಾಪಕರಾಗಿರಬೇಕು, ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು ಇರಬೇಕು, ಹೊರಗಿನ ಒಬ್ಬ ಸದಸ್ಯರು ಬೇಕು, ವಿದ್ಯಾರ್ಥಿಗಳ ವಿಷಯವಾದರೆ ವಿದ್ಯಾರ್ಥಿ ಪ್ರತಿನಿಧಿಗಳೂ ಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರು ಸದಸ್ಯರಾಗುವ ಹಾಗಿಲ್ಲ. ಈ ಕೊನೆಯ ನಿಯಮವನ್ನು ಬಹಳ ಕಡೆ ಮರೆತಿರುತ್ತಾರೆ. ಸಮಿತಿಯ ಹಳೆಯ ಆದೇಶ ತೆಗೆದು ಇವತ್ತೇ ನೋಡಿ. ದೂರು ಕೊಡಲು ಘಟನೆಯಿಂದ ಮೂರು ತಿಂಗಳು, ತನಿಖೆಗೆ 90 ದಿನ, ವರದಿಗೆ ಆಮೇಲೆ 10 ದಿನ.

“ಕೂತು ಮಾತಾಡಿ ಮುಗಿಸೋಣ” ಎಂದು ದೊಡ್ಡವರು ಯಾರಾದರೂ ಹೇಳಬಹುದು. ಆಗ ನೀವು ಗಟ್ಟಿಯಾಗಿ ನಿಲ್ಲಬೇಕು. ರಾಜಿಯ ಮಾತು ಶುರುವಾಗಬೇಕಾದರೆ ದೂರು ಕೊಟ್ಟವರೇ ಕೇಳಬೇಕು, ಮತ್ತು ಅದರಲ್ಲಿ ಹಣದ ವ್ಯವಹಾರ ಇರಬಾರದು ಎಂದು ಕಾಯ್ದೆಯೇ ಹೇಳುತ್ತದೆ. ಬೇರೆ ಯಾರೂ ಅದನ್ನು ಮುಂದಿಡುವ ಹಾಗಿಲ್ಲ.

ಇನ್ನೊಂದು ದಾರಿ ಶಿಸ್ತು ಕ್ರಮದ್ದು. ಕಾರಣ ಕೇಳಿ ನೋಟಿಸ್, ಉತ್ತರ, ದೋಷಾರೋಪ ಪಟ್ಟಿ, ವಿಚಾರಣೆ, ವರದಿಯ ಪ್ರತಿ ಕೊಡುವುದು, ಅದರ ಮೇಲೆ ಅವರ ಮಾತು ಕೇಳುವುದು, ಆಮೇಲೆ ಆದೇಶ. ಯಾವುದನ್ನೂ ಹಾರಿಸಬೇಡಿ. ದೂರು ಕೊಟ್ಟವರೇ ವಿಚಾರಣಾಧಿಕಾರಿ ಆಗಬಾರದು. ನೋಟಿಸಿನಲ್ಲಿ ‘ಅಸಭ್ಯವಾಗಿ ವರ್ತಿಸಿದ್ದೀರಿ’ ಎಂದು ಬರೆದರೆ ಅದಕ್ಕೆ ಯಾರೂ ಉತ್ತರ ಕೊಡಲು ಆಗುವುದಿಲ್ಲ. ಯಾವ ದಿನ, ಎಲ್ಲಿ, ಯಾರ ಎದುರು, ಏನು ಹೇಳಿದರು, ಇಷ್ಟು ಬರೆಯಿರಿ. ಅವರು ಕನ್ನಡದಲ್ಲಿ ಮಾತ್ರ ಓದಬಲ್ಲವರಾದರೆ ನೋಟಿಸ್ ಕನ್ನಡದಲ್ಲೇ ಇರಲಿ. ಡ್ರೈವರ್ ಒಬ್ಬರು ಇಂಗ್ಲಿಷ್ ಮೆಮೊ ಹಿಡಿದುಕೊಂಡು ಓದಿಸಿಕೊಳ್ಳಲು ಕ್ಯಾಂಟೀನ್‌ನಲ್ಲಿ ಒಬ್ಬೊಬ್ಬರನ್ನೂ ಕೇಳುತ್ತಿದ್ದದ್ದನ್ನು ನೋಡಿದ ಮೇಲೆ ನಾನು ಬೋಧಕೇತರರ ಪತ್ರಗಳನ್ನೆಲ್ಲ ಎರಡೂ ಭಾಷೆಯಲ್ಲಿ ಮಾಡಿಸಿದೆ.

ಹಂತ 8: ವರ್ಷದ ಕ್ಯಾಲೆಂಡರ್

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಪದೋನ್ನತಿಗೆ ಅರ್ಹರ ಪಟ್ಟಿಯನ್ನು ವರ್ಷದ ಶುರುವಿನಲ್ಲೇ ಮಾಡಿ. ಸಹಾಯಕ ಪ್ರಾಧ್ಯಾಪಕರು ವೇತನದ 10ನೇ ಹಂತದಿಂದ 11ಕ್ಕೆ ಹೋಗಲು ಪಿಎಚ್‌ಡಿ ಇದ್ದರೆ 4 ವರ್ಷ, ಎಂಫಿಲ್ ಇದ್ದರೆ 5, ಎರಡೂ ಇಲ್ಲದಿದ್ದರೆ 6. ಓರಿಯೆಂಟೇಷನ್, ರಿಫ್ರೆಶರ್ ಕೋರ್ಸ್ ಬಾಕಿ ಇರುವವರಿಗೆ ಮೊದಲೇ ತಿಳಿಸಿ. ಕೋರ್ಸ್ ಇಲ್ಲ ಎಂದು ಪದೋನ್ನತಿ ನಿಂತರೆ ಅದು ಅರ್ಧ ನಿಮ್ಮ ಲೋಪ. ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಕ್ ಮೌಲ್ಯಮಾಪನ ಸಂಸ್ಥೆಗೆ, ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಕೊಡುವ ಅಧ್ಯಾಪಕರ ಪಟ್ಟಿ ಮತ್ತು ನಿಮ್ಮ ಸಂಬಳದ ಪಟ್ಟಿ ಒಂದೇ ಆಗಿರಲಿ. ಕೆಲಸ ಬಿಟ್ಟವರ ಹೆಸರನ್ನು ಸೇರಿಸಿ ಎಂದು ಯಾರಾದರೂ ಕೇಳಿದರೆ ಆಗುವುದಿಲ್ಲ ಎಂದು ಬರೆದು ಕೊಡಿ.

ಹಂತ 9: ಬೀಳ್ಕೊಡುಗೆ

ನಿವೃತ್ತಿಗೆ ಆರು ತಿಂಗಳು ಮುಂಚೆ ಕಡತ ಮೇಜಿಗೆ ಬರಬೇಕು. ಗ್ರಾಚ್ಯುಟಿ (ಸೇವೆಯ ಕೊನೆಗೆ ಕೊಡುವ ಇಡಿಗಂಟು) ಲೆಕ್ಕ ಹೀಗೆ: ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು. ಆರು ತಿಂಗಳಿಗಿಂತ ಜಾಸ್ತಿ ಇದ್ದರೆ ಅದು ಒಂದು ವರ್ಷ. ಗರಿಷ್ಠ 20 ಲಕ್ಷ ರೂಪಾಯಿ, 30 ದಿನದೊಳಗೆ ಕೊಡಬೇಕು. ಹೊಸ ಸಂಹಿತೆಯಲ್ಲಿ ‘ವೇತನ’ದ ಅರ್ಥ ಬದಲಾಗಿದೆ, ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಇದೆ, ಆದ್ದರಿಂದ ಲೆಕ್ಕ ಹಾಕುವ ಮುನ್ನ ಅದನ್ನೂ ನೋಡಿ. ಶಿಕ್ಷಕರಿಗೆ ಗ್ರಾಚ್ಯುಟಿ ಇಲ್ಲ ಎಂದು 2004ರಲ್ಲಿ ತೀರ್ಪು ಬಂದಿತ್ತು. ಸಂಸತ್ತು 2009ರಲ್ಲಿ ಕಾಯ್ದೆ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯ ಎಂದಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಳಬರು ಯಾರಾದರೂ “ನಮಗೆ ಬರಲ್ಲ ಅಂದಿದ್ರು” ಎಂದರೆ ಇದನ್ನು ಕೂರಿಸಿ ಹೇಳಿ.

ಒಂದು ಕಡೆ ರಸಾಯನಶಾಸ್ತ್ರ ಲ್ಯಾಬಿನ ಅಟೆಂಡರ್ ನಿವೃತ್ತರಾಗುವವರಿದ್ದರು. ಕೊನೆಯ ವೇತನ 26,000 ರೂಪಾಯಿ. ಹಣಕಾಸು ಶಾಖೆ 21 ವರ್ಷಕ್ಕೆ ಲೆಕ್ಕ ಹಾಕಿ 3,15,000 ಎಂದು ಕಳಿಸಿತ್ತು. ಅವರು ಕೋಣೆಗೆ ಬಂದು ಬಾಗಿಲ ಹತ್ತಿರವೇ ನಿಂತು, “ನಾನು ಸೇರಿದ್ದು ಅದಕ್ಕೂ ಮೂರು ವರ್ಷ ಮುಂಚೆ ಮೇಡಂ, ದಿನಗೂಲಿಗೆ” ಅಂದರು. ಕಡತದಲ್ಲಿ ಆ ಮೂರು ವರ್ಷದ ಒಂದು ಚೂರು ಕಾಗದವೂ ಇರಲಿಲ್ಲ. ಲ್ಯಾಬಿನ ಅಟ್ಟದ ಮೇಲೆ ಹಳೇ ಹಾಜರಿ ಪುಸ್ತಕ ಇದೆ ಎಂದು ಅವರೇ ಹೇಳಿದರು. ಇಬ್ಬರೂ ಹೋಗಿ ನೋಡಿದೆವು. ಆ್ಯಸಿಡ್ ಬಿದ್ದು ಅಂಚು ಸುಟ್ಟಂತಾಗಿದ್ದ ಪುಸ್ತಕ. ಪುಟ ತಿರುವಿದ ಹಾಗೆ ದಿನವೂ ಅವರ ಸಹಿ, ದುಂಡಗೆ, ಒಂದೊಂದೇ ಅಕ್ಷರ ಬಿಡಿಸಿ ಬರೆದದ್ದು. ಮೂರು ವರ್ಷ, ಬಿಡುವಿಲ್ಲದೆ.

ಅವತ್ತೇ ಪುಟಗಳ ನಕಲು ತೆಗೆಸಿ, ವಿಭಾಗದ ಮುಖ್ಯಸ್ಥರಿಂದ ದೃಢೀಕರಿಸಿ, 24 ವರ್ಷಕ್ಕೆ 3,60,000 ಎಂದು ಹೊಸ ಟಿಪ್ಪಣಿ ಇಟ್ಟೆ. 45,000 ರೂಪಾಯಿ ಜಾಸ್ತಿ. ಅನುಮೋದನೆ ಹನ್ನೊಂದು ದಿನಕ್ಕೆ ಬಂತು. ಪುಸ್ತಕವನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆವು, ಯಾಕೆಂದರೆ ಅದರಲ್ಲಿ ಇನ್ನೂ ನಾಲ್ವರ ಸಹಿ ಇತ್ತು. ಅವರು ಯಾರೂ ಆಗಿನ್ನೂ ನಿವೃತ್ತರಾಗಿರಲಿಲ್ಲ. ನಾಲ್ವರ ಕಡತಕ್ಕೂ ನಕಲು ಹಾಕಿ, ಪುಟ ಸಂಖ್ಯೆ ಬರೆದು, ಅವರನ್ನು ಕರೆದು ಒಂದೊಂದು ಪ್ರತಿ ಕೈಗೆ ಕೊಟ್ಟೆ.